ಡಬ್ಬದೊಳಗೆ ಏನಿದೆ? ಲ್ಯಾಬ್ ರಿಪೋರ್ಟ್ ಓದುವುದು ಹೇಗೆ?



ಬೂದಿಗೆರೆ ಸುತ್ತಮುತ್ತಲ ಸಂಘಗಳ ಸಭೆಗೆ ನಾವು ಹೋದಾಗ ಪದೇ ಪದೇ ಕೇಳಿಬರುವ ಪ್ರಶ್ನೆ ಒಂದಿದೆ. "ಈ ಪೌಡರು ಒಳ್ಳೇದಾ? ಲ್ಯಾಬ್‌ನಲ್ಲಿ ಟೆಸ್ಟ್ ಆಗಿದೆ ಅಂತ ಕಾಗದ ತೋರಿಸ್ತಾರೆ, ನಂಬಬಹುದಾ?" ಮಕ್ಕಳಿಗೆ ಪ್ರೋಟೀನ್ ಪೌಡರು, ಸಕ್ಕರೆ ಕಾಯಿಲೆಯವರಿಗೆ ಗಿಡಮೂಲಿಕೆ ಪುಡಿ, ಮಂಡಿ ನೋವಿಗೆ ಕ್ಯಾಪ್ಸೂಲು, ತೂಕ ಇಳಿಸೋಕೆ ಇನ್ನೊಂದು. ಇವಕ್ಕೆಲ್ಲ ಒಟ್ಟಾಗಿ ಆಹಾರ ಪೂರಕ ಅಥವಾ ಸಪ್ಲಿಮೆಂಟ್ ಎಂದು ಹೆಸರು. ಮಾರುವವರು ಬೇರೆ ಯಾರೋ ಅಲ್ಲ, ಬಹಳ ಸಲ ನಮ್ಮ ಪಕ್ಕದ ಬೀದಿಯ ಅಕ್ಕನೇ. ಡಬ್ಬಕ್ಕೆ ಸಾವಿರಾರು ರೂಪಾಯಿ. ಅದಕ್ಕಾಗಿ ಸಂಘದ ಆಂತರಿಕ ಸಾಲ ಕೇಳುವವರೂ ಇದ್ದಾರೆ. ಹಸು ಕೊಳ್ಳಲು, ಫೀಸು ಕಟ್ಟಲು ಕೊಡುವ ಸಾಲ ಡಬ್ಬಕ್ಕೆ ಹೋಗುವಾಗ, ಆ ಡಬ್ಬದೊಳಗೆ ನಿಜವಾಗಿ ಏನಿದೆ ಎಂದು ಕೇಳುವ ಹಕ್ಕು ಇಡೀ ಸಂಘಕ್ಕೆ ಇದೆ.

ಆದ್ದರಿಂದ ಈ ಪಾಠದಲ್ಲಿ ಪ್ರಯೋಗಾಲಯದವರು ಇಂಥ ಪುಡಿಗಳನ್ನು ಹೇಗೆ ಪರೀಕ್ಷೆ ಮಾಡುತ್ತಾರೆ, ಆ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ತಿಳಿಯೋಣ. ರಸಾಯನಶಾಸ್ತ್ರ ಅಂತ ಹೆದರಬೇಡಿ. ಡೈರಿಗೆ ಹಾಲು ಹಾಕುವವರಿಗೆ ಇದರ ಅರ್ಧ ಪಾಠ ಆಗಲೇ ಗೊತ್ತಿದೆ.

ಡೈರಿಯಲ್ಲಿ ಕಲಿತದ್ದು

ಮೊದಲೆಲ್ಲ ಡೈರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ಡಿಗ್ರಿ ನೋಡುತ್ತಿದ್ದರು. ಅದು ನೋಡುವುದು ಒಂದೇ ಸಂಗತಿ, ಹಾಲು ಎಷ್ಟು ಗಟ್ಟಿ ಅಂತ. ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತದೆ. ಆದರೆ ನೀರಿನ ಜೊತೆ ಸ್ವಲ್ಪ ಸಕ್ಕರೆಯನ್ನೂ ಹಾಕಿದರೆ? ಡಿಗ್ರಿ ಮತ್ತೆ ಸರಿಹೋಗುತ್ತದೆ! ಲ್ಯಾಕ್ಟೋಮೀಟರ್ ಸುಳ್ಳು ಹೇಳಲಿಲ್ಲ. "ಗಟ್ಟಿ ಇದೆಯಾ" ಎಂದು ಕೇಳಿದೆವು, ಅದು "ಇದೆ" ಅಂದಿತು. "ಇದು ಹಾಲೇನಾ" ಅಂತ ನಾವು ಕೇಳಲೇ ಇಲ್ಲ. ಅದಕ್ಕೇ ಡೈರಿಯವರು ಕೊಬ್ಬಿನ ಪರೀಕ್ಷೆ ಬೇರೆ ಮಾಡುತ್ತಾರೆ, ಸಕ್ಕರೆಗೆ ಬೇರೆ, ಯೂರಿಯಾಕ್ಕೆ ಬೇರೆ.

ದೊಡ್ಡ ದೊಡ್ಡ ಲ್ಯಾಬ್‌ಗಳಲ್ಲಿ ಕೋಟಿ ಬೆಲೆಯ ಯಂತ್ರ ಇಟ್ಟುಕೊಂಡು ಮಾಡುವ ಪರೀಕ್ಷೆಗೂ ಇದೇ ನಿಯಮ. ಯಾವ ಪ್ರಶ್ನೆ ಕೇಳಿದರೋ ಅದಕ್ಕಷ್ಟೇ ಉತ್ತರ ಬರುತ್ತದೆ. ಇದೊಂದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಪ್ರೋಟೀನ್ ಲೆಕ್ಕ, ಯೂರಿಯಾ ಮೂಟೆಯ ಲೆಕ್ಕ

ಪುಡಿಯಲ್ಲಿ ಪ್ರೋಟೀನ್ ಎಷ್ಟಿದೆ ಎಂದು ತಿಳಿಯಲು ಇಂದಿಗೂ ಹೆಚ್ಚು ಬಳಸುವ ವಿಧಾನ 1883ರದು. ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ಊರಿನಲ್ಲಿ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದ ಯೋಹಾನ್ ಕೆಲ್ಡಾಲ್ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದರು. ಪುಡಿಯನ್ನು ಗಟ್ಟಿ ಗಂಧಕಾಮ್ಲದಲ್ಲಿ ಕುದಿಸುತ್ತಾರೆ. ಆಮೇಲೆ ಅದಕ್ಕೆ ಕಾಸ್ಟಿಕ್ ಸೋಡಾ ಹಾಕಿ ಬಿಸಿ ಮಾಡಿದರೆ ಅಮೋನಿಯಾ ಹೊರಡುತ್ತದೆ. ಕೊಟ್ಟಿಗೆಯಲ್ಲಿ ಗಂಜಲದ ಘಾಟು ಬರುತ್ತದಲ್ಲ, ಅದೇ ಅಮೋನಿಯಾ. ಅದನ್ನು ಹಿಡಿದು ಅಳೆದರೆ ಪುಡಿಯಲ್ಲಿ ಸಾರಜನಕ ಎಷ್ಟಿತ್ತು ಎಂದು ಗೊತ್ತಾಗುತ್ತದೆ. ಪ್ರೋಟೀನ್‌ನಲ್ಲಿ ನೂರಕ್ಕೆ ಸುಮಾರು 16 ಪಾಲು ಸಾರಜನಕ. ಆದ್ದರಿಂದ ಬಂದ ಸಾರಜನಕವನ್ನು 6.25ರಿಂದ ಗುಣಿಸಿ "ಇಷ್ಟು ಪ್ರೋಟೀನ್" ಎಂದು ಬರೆಯುತ್ತಾರೆ.

ಗಮನಿಸಿದಿರಾ? ಯಾರೂ ಪ್ರೋಟೀನನ್ನು ಅಳೆಯಲಿಲ್ಲ. ಸಾರಜನಕವನ್ನು ಅಳೆದು ಪ್ರೋಟೀನ್ ಅಂದರು. ಪ್ರಾಮಾಣಿಕ ಕಾಳಿಗೆ, ಹಿಟ್ಟಿಗೆ ಈ ಲೆಕ್ಕ ಸರಿ. ಮೋಸ ಮಾಡುವವನಿಗೆ ಇಲ್ಲೇ ಬಾಗಿಲು ತೆರೆದಿದೆ.

ನಿಮ್ಮ ಮನೆಯ ಯೂರಿಯಾ ಮೂಟೆ ನೋಡಿ. ಅದರ ಮೇಲೆ 46 ಎಂದು ಬರೆದಿರುತ್ತದೆ. ಅಂದ್ರೆ ಒಂದು ಕೆ.ಜಿ. ಯೂರಿಯಾದಲ್ಲಿ 460 ಗ್ರಾಂ ಸಾರಜನಕ. 460 ಗುಣಿಲೆ 6.25 ಮಾಡಿದರೆ 2875. ಅಂದರೆ ಒಂದು ಕೆ.ಜಿ. ಯೂರಿಯಾ ಈ ಪರೀಕ್ಷೆಯ ಕಣ್ಣಿಗೆ 2 ಕೆ.ಜಿ. 875 ಗ್ರಾಂ ಪ್ರೋಟೀನ್ ಆಗಿ ಕಾಣುತ್ತದೆ! ಒಂದು ಕಾಳು ಪ್ರೋಟೀನ್ ಇಲ್ಲದಿದ್ದರೂ.

ಇದು ಬರೀ ಲೆಕ್ಕದ ಆಟ ಅಲ್ಲ. 2008ರಲ್ಲಿ ಚೀನಾದಲ್ಲಿ ಹಾಲಿಗೆ ನೀರು ಬೆರೆಸಿ, ಪ್ರೋಟೀನ್ ಕಮ್ಮಿ ಆದದ್ದು ಗೊತ್ತಾಗದಿರಲಿ ಎಂದು ಮೆಲಮೈನ್ ಹಾಕಿದರು. ಮೆಲಮೈನ್ ಅಂದರೆ ಪ್ಲಾಸ್ಟಿಕ್ ತಟ್ಟೆ, ಪ್ಲೈವುಡ್ ಮೇಲಿನ ಹೊದಿಕೆ ಮಾಡುವ ರಾಸಾಯನಿಕ. ಅದರಲ್ಲಿ ಸಾರಜನಕ ನೂರಕ್ಕೆ 66. ಆ ಹಾಲಿನ ಪುಡಿ ಕುಡಿದು ಸುಮಾರು 3 ಲಕ್ಷ ಹಸುಗೂಸುಗಳು ಕಾಯಿಲೆ ಬಿದ್ದವು, ಎಷ್ಟೋ ಮಕ್ಕಳ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿತು. 6 ಮಕ್ಕಳು ಸತ್ತವು ಎಂದು ಅಲ್ಲಿನ ಸರ್ಕಾರವೇ ಒಪ್ಪಿಕೊಂಡಿತು. ಪ್ರೋಟೀನ್ ಪರೀಕ್ಷೆಯಲ್ಲಿ ಆ ಹಾಲು ಪಾಸಾಗಿತ್ತು.

ಹಾಗಾದರೆ ಸರಿಯಾದ ಪರೀಕ್ಷೆ ಯಾವುದು? ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಮಣಿಸರ. ಪುಡಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿ ಶಾಖದಲ್ಲಿ ಸುಮಾರು 24 ಗಂಟೆ ಇಟ್ಟರೆ ಸರ ಕಡಿದು ಮಣಿಗಳು ಬಿಡಿಬಿಡಿ ಆಗುತ್ತವೆ. ಒಂದೊಂದು ಬಗೆಯ ಮಣಿ ಎಷ್ಟಿದೆ ಎಂದು ಎಣಿಸುತ್ತಾರೆ. ಹಾಲಿನ ಪ್ರೋಟೀನ್‌ಗೆ ಒಂದು ಲೆಕ್ಕ, ಸೋಯಾಕ್ಕೆ ಇನ್ನೊಂದು ಲೆಕ್ಕ. ಅಗ್ಗದ ಗ್ಲೈಸಿನ್ ಒಂದನ್ನೇ ಸುರಿದಿದ್ದರೆ ಅದೊಂದು ಮಣಿ ಮಾತ್ರ ರಾಶಿ ಬೀಳುತ್ತದೆ, ಮೋಸ ಗೊತ್ತಾಗುತ್ತದೆ. ಈ ಪರೀಕ್ಷೆಗೆ ಖರ್ಚು ಜಾಸ್ತಿ. ಆದ್ದರಿಂದ ಎಲ್ಲರೂ ಮಾಡಿಸುವುದಿಲ್ಲ.

ನಮ್ಮ ದೇಶದ ಡಬ್ಬಗಳ ಕಥೆ? 2024ರಲ್ಲಿ ಕೇರಳದ ವೈದ್ಯರ ನೇತೃತ್ವದ ತಂಡವೊಂದು ತಮ್ಮದೇ ಹಣದಿಂದ ಭಾರತದಲ್ಲಿ ಮಾರುವ 36 ಬಗೆಯ ಪ್ರೋಟೀನ್ ಪುಡಿಗಳನ್ನು ಪರೀಕ್ಷೆ ಮಾಡಿಸಿ ಪ್ರಕಟಿಸಿತು. 25ರಲ್ಲಿ ಪ್ರೋಟೀನ್ ಪ್ರಮಾಣ ಲೇಬಲ್‌ನಲ್ಲಿ ಬರೆದದ್ದಕ್ಕಿಂತ ಕಮ್ಮಿ ಇತ್ತು. ಕೆಲವದರಲ್ಲಿ ಅರ್ಧವೂ ಇರಲಿಲ್ಲ. ಕೆಲವದರಲ್ಲಿ ಬೂಷ್ಟಿನ ವಿಷವೂ ಸಿಕ್ಕಿತು.

ನೆಲನೆಲ್ಲಿ ಹೌದೋ ಅಲ್ಲವೋ

ಗಿಡಮೂಲಿಕೆ ಪುಡಿಯ ವಿಷಯ ಇನ್ನೂ ತೊಡಕು. ಇಲ್ಲಿ "ಎಷ್ಟಿದೆ" ಎನ್ನುವ ಮೊದಲು "ಅದೇ ಗಿಡವಾ" ಎಂದು ಕೇಳಬೇಕು. ಕಾಮಾಲೆಗೆ ನೆಲನೆಲ್ಲಿ ಕೊಡುವುದು ನಮ್ಮ ಕಡೆ ಹಳೆಯ ರೂಢಿ. ಹೊಲದ ಬದುವಿನಲ್ಲಿ ನೋಡಿದರೆ ನೀವೇ ಗುರುತು ಹಿಡಿಯುತ್ತೀರಿ. ಒಣಗಿಸಿ ಪುಡಿ ಮಾಡಿದ ಮೇಲೆ? ಎಲ್ಲ ಹಸಿರು ಪುಡಿಯೂ ಒಂದೇ.

ನಮಗೆ ಹತ್ತಿರದಲ್ಲೇ ಇರುವ ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್, ಕೆ.ಎನ್. ಗಣೇಶಯ್ಯ ಮುಂತಾದ ವಿಜ್ಞಾನಿಗಳಿದ್ದ ತಂಡ ಇದನ್ನೇ ಪರೀಕ್ಷಿಸಿತು. (ಕನ್ನಡ ಕಾದಂಬರಿ ಓದುವವರಿಗೆ ಗಣೇಶಯ್ಯನವರ ಹೆಸರು ಗೊತ್ತಿರುತ್ತದೆ, ಅವರೇ ಇವರು.) ದಕ್ಷಿಣ ಭಾರತದ ಗ್ರಂಧಿಗೆ ಅಂಗಡಿಗಳಿಂದ ನೆಲನೆಲ್ಲಿ ಎಂದು ಮಾರುವ ಮಾಲನ್ನು ತಂದು, ಗಿಡದ ರೂಪ ನೋಡಿಯೂ ಡಿಎನ್‌ಎ ನೋಡಿಯೂ ಗುರುತಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ನೂರಕ್ಕೆ 76 ಮಾದರಿಗಳಲ್ಲಿ ಇದ್ದದ್ದು ಹೆಚ್ಚುಕಮ್ಮಿ ಪೂರ್ತಿ ಸರಿಯಾದ ನೆಲನೆಲ್ಲಿಯೇ. ಉಳಿದ 24ರಲ್ಲಿ ಅದೇ ಕುಲದ ಬೇರೆ ಐದು ಜಾತಿಯ ಗಿಡಗಳು ಇದ್ದವು. ಎಲ್ಲವೂ ಮೋಸ ಎಂದು ನಾವು ಹೇಳುವುದಿಲ್ಲ. ಕೊಯ್ದು ತರುವವರು ಒಂದೇ ಥರ ಕಾಣುವ ಗಿಡಗಳನ್ನು ಒಟ್ಟಿಗೆ ಕಿತ್ತು ತಂದಿರಬಹುದು. ಆದರೆ ಔಷಧಿ ಎಂದು ಕುಡಿಯುವವರಿಗೆ ಎರಡೂ ಒಂದೇ ಅಲ್ಲವಲ್ಲ.

ಡಿಎನ್‌ಎ ಎಂದರೆ ಗಿಡದ ಜಾತಕ ಇದ್ದಂತೆ, ಪ್ರತಿ ಜಾತಿಗೂ ಬೇರೆ. ಎಲೆ, ಬೇರು, ತೊಗಟೆ ಯಾವುದನ್ನೇ ಪುಡಿ ಮಾಡಿದರೂ ಅದರಲ್ಲಿ ಉಳಿದಿರುತ್ತದೆ. ಹಾಗೆಂದು ಇದೂ ಎಲ್ಲಕ್ಕೂ ಮದ್ದಲ್ಲ. ಗಿಡವನ್ನು ಕುದಿಸಿ, ಸಾರ ತೆಗೆದು, ಆ ಸಾರವನ್ನು ಒಣಗಿಸಿ ಕ್ಯಾಪ್ಸೂಲ್‌ಗೆ ತುಂಬಿದ್ದರೆ ಅದರಲ್ಲಿ ಡಿಎನ್‌ಎ ಚೂರುಚೂರಾಗಿ ಹೋಗಿರುತ್ತದೆ. 2015ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಡಿಎನ್‌ಎ ಪರೀಕ್ಷೆ ಮಾಡಿಸಿ, ಬಹುಪಾಲು ಗಿಡಮೂಲಿಕೆ ಮಾತ್ರೆಗಳಲ್ಲಿ ಹೆಸರಿಸಿದ ಗಿಡವೇ ಸಿಗಲಿಲ್ಲ ಎಂದು ನಾಲ್ಕು ದೊಡ್ಡ ಅಂಗಡಿ ಸಂಸ್ಥೆಗಳಿಗೆ ನೋಟೀಸು ಕೊಟ್ಟರು. ಆಗ ಅನೇಕ ವಿಜ್ಞಾನಿಗಳು ಇದೇ ಆಕ್ಷೇಪ ಎತ್ತಿದರು. ಸಾರದಲ್ಲಿ ಜಾತಕ ಹುಡುಕಿದರೆ ಸಿಗೋದು ಹೇಗೆ?

ಸಾರಕ್ಕೆ ಬೇರೆ ಪರೀಕ್ಷೆ ಇದೆ. ಇದನ್ನು ಉಪ್ಪಾಗೆ ಕಾಯಿಯ ಉದಾಹರಣೆಯಿಂದ ಹೇಳುತ್ತೇವೆ, ಏಕೆಂದರೆ ಈ ಕಥೆ ಪೂರ್ತಿ ನಮ್ಮ ರಾಜ್ಯದ್ದು.

ಉಪ್ಪಾಗೆ ಹುಳಿಯ ಕಥೆ

ಶಿರಸಿ, ಸಿದ್ದಾಪುರದ ಕಾಡಿನಲ್ಲಿ ಉಪ್ಪಾಗೆ ಮರ ಇದೆ. ಕೊಡಗಿನವರು ಮಾಂಸದ ಸಾರಿಗೆ ಹಾಕುವ ಕಾಚಂಪುಳಿ, ಕೇರಳದವರು ಮೀನಿನ ಸಾರಿಗೆ ಹಾಕುವ ಕೊಡಂಪುಳಿ ಎಲ್ಲ ಇದರದ್ದೇ ಹುಳಿ. ಈ ಹುಳಿಯಲ್ಲಿ ಇರುವುದು ಹುಣಸೆಯ ಆಮ್ಲವೋ ನಿಂಬೆಯ ಆಮ್ಲವೋ ಇರಬೇಕು ಎಂದು ಮೊದಲು ತಿಳಿದಿದ್ದರು. 1965ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು ಇದರ ಮುಖ್ಯ ಆಮ್ಲ ಬೇರೆಯೇ, ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಎಂದು ತೋರಿಸಿದರು. ಮುಂದೆ ಈ ಆಮ್ಲ ಮೈ ಕೊಬ್ಬು ಕರಗಿಸುತ್ತದೆ ಎಂಬ ಸುದ್ದಿ ಹಬ್ಬಿ, 1990ರ ದಶಕದಲ್ಲಿ ಅಮೆರಿಕದ ಅಂಗಡಿಗಳಲ್ಲಿ "ಗಾರ್ಸೀನಿಯಾ" ಮಾತ್ರೆ ಬಂತು.

ಮಾತ್ರೆಯ ಮೇಲೆ "ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಶೇ. 50" ಎಂದು ಬರೆದರೆ ಪರೀಕ್ಷಿಸುವುದು ಹೇಗೆ? ಹುಳಿ ಎಷ್ಟಿದೆ ಎಂದು ಕ್ಷಾರ ಹಾಕಿ ಅಳೆಯಬಹುದು. ಸುಲಭ, ಅಗ್ಗ. ಆದರೆ ಯಾರಾದರೂ ಅಂಗಡಿಯಲ್ಲಿ ಸಿಗುವ ನಿಂಬೆಹುಳಿ ಉಪ್ಪನ್ನು ಬೆರೆಸಿದ್ದರೆ ಅದೂ ಹುಳಿಯೇ ಅಲ್ವಾ, ಲೆಕ್ಕಕ್ಕೆ ಸೇರಿಬಿಡುತ್ತದೆ. ಮತ್ತೆ ಡೈರಿಯ ಸಕ್ಕರೆ ಕಥೆಯೇ.

ಇದಕ್ಕೆ ಬಳಸುವ ಯಂತ್ರದ ಹೆಸರು ಎಚ್‌ಪಿಎಲ್‌ಸಿ. ಬೆರಳು ಗಾತ್ರದ ಉಕ್ಕಿನ ಕೊಳವೆಯಲ್ಲಿ ನುಣ್ಣನೆಯ ಪುಡಿ ಗಿಡಿದಿರುತ್ತಾರೆ. ಪರೀಕ್ಷೆ ಮಾಡುವ ದ್ರಾವಣವನ್ನು ಜೋರಾಗಿ ಒತ್ತಿ ಅದರ ಮೂಲಕ ಹಾಯಿಸುತ್ತಾರೆ. ಸಂತೆಬೀದಿಯಲ್ಲಿ ಹತ್ತು ಜನ ಒಟ್ಟಿಗೆ ಹೊರಟರೂ ಒಬ್ಬಳು ನೇರ ಹೋಗುತ್ತಾಳೆ, ಇನ್ನೊಬ್ಬಳು ಬಳೆ ಅಂಗಡಿ, ಸೀರೆ ಅಂಗಡಿ ಎಲ್ಲದರ ಮುಂದೆ ನಿಂತು ನಿಂತು ಬರುತ್ತಾಳೆ. ಹಾಗೆ ಪ್ರತಿ ವಸ್ತುವೂ ಕೊಳವೆಯ ಆಚೆ ಬದಿಗೆ ಬೇರೆ ಬೇರೆ ಹೊತ್ತಿಗೆ ಬರುತ್ತದೆ. ಯಾರು ಎಷ್ಟು ನಿಮಿಷಕ್ಕೆ ಬಂದರು, ಎಷ್ಟು ಬಂದರು ಎಂದು ಯಂತ್ರ ಗೆರೆ ಎಳೆದು ತೋರಿಸುತ್ತದೆ. ಉಪ್ಪಾಗೆಯ ಆಮ್ಲವನ್ನೂ ನಿಂಬೆಯ ಆಮ್ಲವನ್ನೂ ಹೀಗೆ ಬೇರೆ ಮಾಡಿ ಅಳೆಯುವ ವಿಧಾನವನ್ನು ಅದೇ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದರು. ಹೋಲಿಸಿ ನೋಡಲು ಶುದ್ಧ ಆಮ್ಲದ ಮಾದರಿ ಒಂದು ಕೈಯಲ್ಲಿ ಇರಲೇಬೇಕು. ತಕ್ಕಡಿ ಎಷ್ಟೇ ಚೆನ್ನಾಗಿದ್ದರೂ ತೂಕದ ಬಟ್ಟು ಸರಿಯಿಲ್ಲದಿದ್ದರೆ ತೂಕ ಹೇಗೆ ಸರಿ ಬರುತ್ತದೆ?

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅದೇ 1998ರಲ್ಲಿ ಅಮೆರಿಕದಲ್ಲಿ ದಪ್ಪ ಇದ್ದ 135 ಜನರ ಮೇಲೆ 12 ವಾರ ಪ್ರಯೋಗ ಮಾಡಿದರು. ಕೆಲವರಿಗೆ ನಿಜವಾದ ಗಾರ್ಸೀನಿಯಾ, ಉಳಿದವರಿಗೆ ಬರೀ ತೋರಿಕೆಯ ಮಾತ್ರೆ. ತೂಕ ಇಳಿದದ್ದರಲ್ಲಿ ಎರಡು ಗುಂಪಿಗೂ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮಾತ್ರೆಯೊಳಗೆ ಇರಬೇಕಾದ್ದು ಇತ್ತು, ಆಗಬೇಕಾದ್ದು ಆಗಲಿಲ್ಲ. ಏಜೆಂಟರು ಲ್ಯಾಬ್ ರಿಪೋರ್ಟ್ ತೋರಿಸಿದಾಗ ನಾವು ಹೆಚ್ಚಾಗಿ ಮರೆಯುವುದು ಇದನ್ನೇ. "ಒಳಗೆ ಇದೆ" ಎಂಬುದು ಲ್ಯಾಬಿನ ಮಾತು. "ಗುಣ ಆಗುತ್ತೆ" ಎಂಬುದಕ್ಕೆ ಜನರ ಮೇಲೆ ಮಾಡಿದ ಪರೀಕ್ಷೆ ಬೇಕು, ಅದು ಆ ಕಾಗದದಲ್ಲಿ ಇರುವುದಿಲ್ಲ.

ಇರಬಾರದ್ದು ಇದೆಯೇ?

ಸೀಸ, ಪಾದರಸ, ಆರ್ಸೆನಿಕ್ ಇಂಥ ಲೋಹಗಳನ್ನು ಹುಡುಕಲು ಪುಡಿಯನ್ನು ಆಮ್ಲದಲ್ಲಿ ಪೂರ್ತಿ ಕರಗಿಸಿ ಯಂತ್ರಕ್ಕೆ ಕೊಡುತ್ತಾರೆ. ರಿಪೋರ್ಟಿನಲ್ಲಿ ಪಿಪಿಎಂ ಎಂಬ ಅಳತೆ ಇರುತ್ತದೆ. ಒಂದು ಪಿಪಿಎಂ ಎಂದರೆ ಹತ್ತು ಕ್ವಿಂಟಾಲ್ ರಾಗಿಯಲ್ಲಿ ಒಂದೇ ಒಂದು ಗ್ರಾಂ. ಅಷ್ಟು ಸಣ್ಣದನ್ನೂ ಯಂತ್ರ ಹಿಡಿಯುತ್ತದೆ. ಮಣ್ಣು, ಮರಳು ಬೆರೆತಿದೆಯಾ ಎಂದು ನೋಡುವುದು ಇನ್ನೂ ಸುಲಭ: ಪುಡಿಯನ್ನು ಸುಟ್ಟು ಬೂದಿ ಮಾಡಿ ಆಮ್ಲ ಹಾಕುತ್ತಾರೆ, ಕರಗದೆ ಉಳಿದದ್ದು ಬಹುಪಾಲು ಮರಳು. (ಹೆಸರಲ್ಲೇ ಬೂದಿ ಇರುವ ಊರಿನವರು ಈ ಪರೀಕ್ಷೆಯನ್ನಾದರೂ ಮರೆಯಬಾರದು.)

ನಮಗೆ ಹೆಚ್ಚು ಭಯ ಇರುವುದು ಕದ್ದು ಬೆರೆಸುವ ಇಂಗ್ಲಿಷ್ ಔಷಧಿಯ ಬಗ್ಗೆ. "ಎರಡೇ ದಿನದಲ್ಲಿ ಮಂಡಿ ನೋವು ಹೋಯ್ತು", "ಒಂದೇ ತಿಂಗಳಲ್ಲಿ ಮಗು ದಪ್ಪ ಆಯ್ತು" ಎಂದರೆ ಖುಷಿಪಡುವ ಮೊದಲು ಅನುಮಾನ ಪಡಿ. ಗಿಡಮೂಲಿಕೆ ಎಂದು ಮಾರಿದ ಪುಡಿಗಳಲ್ಲಿ ಸ್ಟೀರಾಯ್ಡ್ ಸಿಕ್ಕಿದ ಉದಾಹರಣೆಗಳು ನಮ್ಮ ದೇಶದಲ್ಲೂ ಹೊರದೇಶದಲ್ಲೂ ಇವೆ. ತೂಕ ಇಳಿಸುವ ಮಾತ್ರೆಗಳಲ್ಲಿ ಸಿಬುಟ್ರಮೈನ್ ಎಂಬ ಔಷಧಿ ಸಿಕ್ಕಿದೆ. ಹೃದಯಕ್ಕೆ ಅಪಾಯ ಎಂದು 2010ರಲ್ಲಿ ಅಮೆರಿಕ, ಯುರೋಪಿನ ಮಾರುಕಟ್ಟೆಯಿಂದ ಅದನ್ನು ತೆಗೆದುಹಾಕಿದ್ದರು. ಇಂಥವನ್ನು ಹಿಡಿಯಲು ಎಚ್‌ಪಿಎಲ್‌ಸಿ ಜೊತೆಗೆ ಅಣುವಿನ ತೂಕ ನೋಡುವ ಯಂತ್ರ ಸೇರಿಸುತ್ತಾರೆ. ಆದರೆ ಪರೀಕ್ಷೆಗೆ ಕೊಡುವವರು "ಸ್ಟೀರಾಯ್ಡ್ ಇದೆಯಾ ನೋಡಿ" ಎಂದು ಕೇಳಬೇಕು. ಬರೀ ಪ್ರೋಟೀನ್ ನೋಡಿ ಎಂದರೆ ಪ್ರೋಟೀನ್ ಮಾತ್ರ ನೋಡಿ ಕೊಡುತ್ತಾರೆ, ಸ್ಟೀರಾಯ್ಡ್ ಇದ್ದರೂ ರಿಪೋರ್ಟಿನಲ್ಲಿ ಅದರ ಸುದ್ದಿಯೇ ಇರುವುದಿಲ್ಲ.

ಕಾಗದ ಕೈಗೆ ಬಂದಾಗ

ಯಾರಾದರೂ ರಿಪೋರ್ಟ್ ತೋರಿಸಿದರೆ ಸಭೆಯಲ್ಲಿ ಓದಲು ಬಲ್ಲ ಸದಸ್ಯೆ ಜೋರಾಗಿ ಓದಲಿ. ಮೊದಲು ಬ್ಯಾಚ್ ನಂಬರು. ಕಾಗದದ ಬ್ಯಾಚೂ ನಿಮ್ಮ ಡಬ್ಬದ ಬ್ಯಾಚೂ ಒಂದೇನಾ? ಬೇರೆ ಆದರೆ ಆ ಕಾಗದ ನಿಮ್ಮ ಡಬ್ಬದ್ದಲ್ಲ. ಸಾಮಾನ್ಯವಾಗಿ ಕೆಳಗೆ ಸಣ್ಣ ಅಕ್ಷರದಲ್ಲಿ "ಈ ಫಲಿತಾಂಶ ನಮಗೆ ಕೊಟ್ಟ ಮಾದರಿಗೆ ಮಾತ್ರ ಅನ್ವಯ" ಎಂದು ಲ್ಯಾಬಿನವರೇ ಬರೆದಿರುತ್ತಾರೆ. ಮಾದರಿ ಆರಿಸಿ ಕೊಟ್ಟವರು ಯಾರು? ಕಂಪನಿಯವರೇ. ಆಮೇಲೆ ಎನ್‌ಎಬಿಎಲ್ ಗುರುತು ಇದೆಯಾ ನೋಡಿ. ಅದು ಪ್ರಯೋಗಾಲಯಗಳಿಗೆ ಕೊಡುವ ಮಾನ್ಯತೆ. ಅದೂ ಎಲ್ಲ ಪರೀಕ್ಷೆಗೂ ಅಲ್ಲ, ಪಟ್ಟಿಯಲ್ಲಿ ಹೇಳಿದ ಪರೀಕ್ಷೆಗೆ ಮಾತ್ರ. ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐ 14 ಅಂಕಿಯ ನಂಬರು ಇರಬೇಕು. 2016ರ ನಿಯಮ ಬಂದ ಮೇಲೆ "ಔಷಧಿಯಾಗಿ ಬಳಸಲು ಅಲ್ಲ" ಎಂಬ ಅರ್ಥದ ಮಾತನ್ನೂ ಇಂಗ್ಲಿಷಿನಲ್ಲಿ ಅಚ್ಚು ಹಾಕಬೇಕು. ಡಬ್ಬ ಹೀಗೆ ಹೇಳುತ್ತಿರುವಾಗ ಏಜೆಂಟರು "ಶುಗರ್ ಮಾತ್ರೆ ಬಿಡಿ, ಇದು ತಗೊಳ್ಳಿ" ಎಂದರೆ ಯಾರನ್ನು ನಂಬಬೇಕು? ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ ಔಷಧಿ. ಗರ್ಭಿಣಿಯರಿಗೆ ಕೊಡುವ ಒಂದು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ ಇದೆ. ಡಬ್ಬದ ಪುಡಿಯ ಒಂದು ಚಮಚಕ್ಕೆ ಎಷ್ಟು ಬರೆದಿದೆ ಓದಿ, ಹೋಲಿಸಿ. ಪುಡಿ ನಂಬಿ ಆ ಮಾತ್ರೆಯನ್ನು ಯಾರೂ ನಿಲ್ಲಿಸಬೇಡಿ.

ನೀವೇ ಪರೀಕ್ಷೆ ಮಾಡಿಸಬಹುದಾ? ಮಾಡಿಸಬಹುದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ 40ನೇ ಕಲಂ ಪ್ರಕಾರ ಕೊಂಡವರು ಯಾರೇ ಆಗಲಿ, ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಒಂದು ಷರತ್ತಿದೆ: ಕೊಳ್ಳುವಾಗಲೇ ಮಾರುವವರಿಗೆ "ಇದನ್ನು ಪರೀಕ್ಷೆಗೆ ಕೊಡುತ್ತೇನೆ" ಎಂದು ತಿಳಿಸಬೇಕು. ಡಬ್ಬ ಒಡೆಯಬೇಡಿ, ಬಿಲ್ಲು ಬಿಡಬೇಡಿ. ವಿಶ್ಲೇಷಕರು ಮಾದರಿ ತಲುಪಿದ 14 ದಿನದೊಳಗೆ ವರದಿ ಕೊಡಬೇಕು. ಕಾಯ್ದೆ ಮೀರಿದ್ದು ಕಂಡುಬಂದರೆ ಕಟ್ಟಿದ ಶುಲ್ಕ ವಾಪಸ್. ರಾಜ್ಯದ ಆಹಾರ ಪ್ರಯೋಗಾಲಯ ಬೆಂಗಳೂರಿನ ಶೇಷಾದ್ರಿ ರಸ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿದೆ. ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ ದೂರು ಕೊಟ್ಟರೆ ಅವರ ಕಡೆಯ ಅಧಿಕಾರಿಯೇ ಬಂದು ಮಾದರಿ ತೆಗೆಯಬಹುದು. ಹಾಗೆ ತೆಗೆದದ್ದನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ, ಮಾರುವವರಿಗೂ ಇನ್ನೊಂದು ಲ್ಯಾಬಿನಲ್ಲಿ ನೋಡಿಸುವ ಅವಕಾಶ ಇರಲಿ ಎಂದು. ಹಣ ಕಳೆದುಕೊಂಡ ದೂರಿಗೆ ಗ್ರಾಹಕ ಸಹಾಯವಾಣಿ 1915.

ನಮ್ಮ ಮಾಲ್ಟಿಗೂ ಇದೇ ಲೆಕ್ಕ

ಕೊನೆಯದಾಗಿ ಒಂದು ಮಾತು. ನಮ್ಮ ಎಷ್ಟೋ ಸಂಘಗಳು ರಾಗಿ ಮಾಲ್ಟ್ ಮಾಡಿ ಮಾರುತ್ತಿವೆ. ಅದರ ಪ್ಯಾಕೆಟ್ ಮೇಲೆ "ಪ್ರೋಟೀನ್ ಭರಿತ, ಶೇ. 20" ಎಂದು ಬರೆಸುವ ಆಸೆ ಬರುವುದು ಸಹಜ. ಬರೆಸುವ ಮುಂಚೆ ಲೆಕ್ಕ ಹಾಕಿ. 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ, ಹುರುಳಿಯಲ್ಲಿ 22, ಕಡಲೆಕಾಯಿ ಬೀಜದಲ್ಲಿ 24. 60 ಗ್ರಾಂ ರಾಗಿ, 20 ಗ್ರಾಂ ಹುರುಳಿ, 20 ಗ್ರಾಂ ಕಡಲೆಕಾಯಿ ಸೇರಿಸಿದರೆ 4.2, 4.4, 4.8 ಒಟ್ಟು 13 ಗ್ರಾಂ ಚಿಲ್ಲರೆ. ಕೆಲ್ಡಾಲ್ ಪರೀಕ್ಷೆಯೂ ಅಷ್ಟನ್ನೇ ಹೇಳುತ್ತದೆ. 20 ಎಂದು ಬರೆದರೆ ನಾವೂ ಆ ಡಬ್ಬದವರ ಸಾಲಿಗೆ ಸೇರಿದೆವು. 13 ಕಮ್ಮಿ ಏನಲ್ಲ, ಜೊತೆಗೆ ರಾಗಿಯ ಕ್ಯಾಲ್ಸಿಯಂ 100 ಗ್ರಾಂಗೆ 350 ಮಿ.ಗ್ರಾಂ ಆಸುಪಾಸು ಇದೆ. ಅದನ್ನು ಧೈರ್ಯವಾಗಿ ಹೇಳಿಕೊಳ್ಳಿ, ಆದರೆ ಹುರುಳಿ, ಕಡಲೆಕಾಯಿ ಬೆರೆತ ಮೇಲೆ ಪ್ಯಾಕೆಟ್ಟಿನಲ್ಲಿ ಎಷ್ಟು ಉಳಿಯಿತು ಎಂದು ಪರೀಕ್ಷೆ ಮಾಡಿಸಿಯೇ ಅಂಕಿ ಬರೆಸಿ.

ಕಡಲೆಕಾಯಿ ಹಾಕುವ ಸಂಘಗಳು ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಪರೀಕ್ಷೆಯನ್ನೂ ಮರೆಯಬೇಡಿ. ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ಮುರುಟಿದ, ಬಣ್ಣ ಕೆಟ್ಟ, ಕಹಿ ಬೀಜವನ್ನು ಆರಿಸಿ ಎಸೆಯುವುದು, ಚೆನ್ನಾಗಿ ಒಣಗಿದ್ದನ್ನೇ ಕೊಳ್ಳುವುದು ಮೊದಲ ಕೆಲಸ. ಮಾದರಿ ಕಳಿಸುವಾಗ ಚೀಲದ ಮೇಲಿನ ಒಂದು ಹಿಡಿ ಮಾತ್ರ ಕಳಿಸಬೇಡಿ. ಮೇಲೆ, ನಡುವೆ, ತಳ ಎಲ್ಲ ಕಡೆಯಿಂದ ತೆಗೆದು ಚೆನ್ನಾಗಿ ಕಲೆಸಿ, ರಾಶಿಯನ್ನು ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಉಳಿಸಿಕೊಳ್ಳಿ, ಬೇಕಾದಷ್ಟು ಸಣ್ಣದಾಗುವವರೆಗೆ ಮತ್ತೆ ಹಾಗೇ ಮಾಡಿ. ಒಣಗಿದ, ಗಾಳಿಯಾಡದ ಪ್ಯಾಕೆಟ್ಟಿಗೆ ತುಂಬಿ, ಮಾಡಿದ ತಾರೀಖು ಮತ್ತು ಬ್ಯಾಚ್ ಬರೆದು, ಯಾವ ಯಾವ ಪರೀಕ್ಷೆ ಬೇಕು ಎಂದು ಅರ್ಜಿಯಲ್ಲಿ ಒಂದೊಂದಾಗಿ ಬರೆಯಿರಿ.

ಮುಂದಿನ ಸಭೆಗೆ ಮನೆಯಲ್ಲಿರುವ ಡಬ್ಬಗಳನ್ನು, ಖಾಲಿ ಆದವನ್ನೂ, ತಪ್ಪದೆ ತನ್ನಿ. ಒಟ್ಟಿಗೆ ಕೂತು ಲೇಬಲ್ ಓದೋಣ.